ತಪ್ಪು ಟೈರಿನದೇ ಆಗಿರಲಿ

ನನ್ನ ಗಂಡ ಮೊದಲ ಸಲ ಸೈಕಲ್ಲಿನಿಂದ ಬಿದ್ದು ಬಂದಾಗ ನಾನು ನಕ್ಕಿದ್ದೆ. ಮೊಣಕೈ ತರಚಿ ರಕ್ತ ಒಣಗಿತ್ತು, ಅಂಗಿಯ ತುಂಬ ಕೆಮ್ಮಣ್ಣು. ಖಡಿ ರಸ್ತೆಯಲ್ಲಿ ಟೈರು ಜಾರಿತು ಎಂದರು. ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ ಎಂದು ಚುಚ್ಚಿದೆ. ನಾನು ಮೊದಲಿನಿಂದಲೂ ಹಾಗೆಯೇ, ಗಾಯಕ್ಕೆ ಅರಿಶಿನ ಹಚ್ಚುವ ಮೊದಲು ಮಾತು ಹಚ್ಚುವವಳು. ಅವರೂ ನಕ್ಕರು.

ಅವರು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾರೆ. ನಮ್ಮ ಮನೆ ದಾಂಡೇಲಿಯಲ್ಲಿ, ಶಾಲೆ ಜೋಯಿಡಾ ದಾರಿಯಲ್ಲಿ ಒಳಗಿರುವ ಒಂದು ಹಳ್ಳಿಯಲ್ಲಿ. ದಾರಿಯ ಬಹುಪಾಲು ಡಾಂಬರು, ಕೊನೆಯ ತುಂಡು ಮಾತ್ರ ಜಲ್ಲಿ ಸುರಿದು ಹಾಗೇ ಬಿಟ್ಟ ಖಡಿ ರಸ್ತೆ. ಬಸ್ಸಿಗೆ ಕಾಯುವ ಗೋಜು ಬೇಡವೆಂದು ಗುಡ್ಡಗಾಡಿನ ಸೈಕಲ್ಲು ಕೊಂಡಿದ್ದರು. ಅದರ ಜೊತೆ ಬಂದದ್ದು ದೊಡ್ಡ ಹಲ್ಲುಗಳ ಟೈರು. ನಮ್ಮ ಕಡೆ ಅದಕ್ಕೆ ಬಟನ್ ಟೈರು ಎನ್ನುತ್ತಾರೆ. ಖಡಿಯಲ್ಲಿ ಅದು ನೆಲ ಕಚ್ಚಿಕೊಂಡು ಹೋಗುತ್ತದೆ, ಡಾಂಬರಿನಲ್ಲಿ ಮಾತ್ರ ಗುಂಯ್‌ಗುಡುತ್ತ ತುಳಿಯುವವನ ಜೀವ ಹಿಂಡುತ್ತದೆ. ಹೋದ ಬೇಸಿಗೆಯಲ್ಲಿ ಬಲಗಾಲು ಬೇಗ ಸೋಲುತ್ತದೆ ಎಂದು ಅವನ್ನು ತೆಗೆಸಿ ನುಣ್ಣನೆಯ ರೋಡ್ ಟೈರು ಹಾಕಿಸಿಕೊಂಡರು. ಬೀಳಲು ಶುರುವಾದದ್ದು ಆಮೇಲೆ. ಹಾಗಾಗಿ ತಪ್ಪು ಟೈರಿನದು ಎಂಬ ಅವರ ಮಾತಿನಲ್ಲಿ ಅರ್ಥವಿತ್ತು.

ಆದರೆ ನಾನು ಅರಣ್ಯ ಇಲಾಖೆಯ ಗಾರ್ಡ್. ಕುಳಗಿ ಕಡೆಯ ಕಾಡುದಾರಿಗಳಲ್ಲಿ ಸಂಜೆ ಸೊಪ್ಪಿನ ಟೊಂಗೆಯಿಂದ ಧೂಳು ಸವರಿ ನುಣ್ಣಗೆ ಮಾಡಿ ಬರುವುದು, ಬೆಳಗ್ಗೆ ಹೋಗಿ ಅಲ್ಲಿ ಮೂಡಿದ ಹೆಜ್ಜೆ ನೋಡುವುದು ನನ್ನ ಕೆಲಸ. ಯಾವ ಪ್ರಾಣಿ, ಯಾವ ಕಡೆ ಹೋಯಿತು, ಕುಂಟುತ್ತಿತ್ತೇ, ಅವಸರದಲ್ಲಿತ್ತೇ, ಎಲ್ಲ ಧೂಳೇ ಹೇಳುತ್ತದೆ. ಇಂಥ ಕಣ್ಣು ಮನೆಗೆ ಬಂದ ಮೇಲೂ ಮುಚ್ಚುವುದಿಲ್ಲ. ಅಂಗಳದಲ್ಲಿ ನಡೆಯುವಾಗ ಅವರ ಎಡಗೈ ಬೀಸುತ್ತಿತ್ತು, ಬಲಗೈ ಸುಮ್ಮನೆ ಜೋತುಬಿದ್ದಿರುತ್ತಿತ್ತು. ಬಲಗಾಲಿನ ಚಪ್ಪಲಿ ಮುಂದುಗಡೆ ಸವೆದಿತ್ತು. ನೋಡಿಯೂ ನಾನು ಬಾಯಿಬಿಡಲಿಲ್ಲ. ಹೆದರಿಕೆಯಾಗಿತ್ತು, ಅಷ್ಟೇ.

ಒಂದು ದಿನ ಚಹಾ ಕುಡಿಯುವಾಗ ಅವರ ಕೈಯಲ್ಲಿ ಚಹಾದ ಕಪ್ಪು ಬಸಿಯ ಮೇಲೆ ಕಟಕಟ ಸದ್ದು ಮಾಡಿತು. ಇಬ್ಬರೂ ಅದನ್ನು ಕೇಳಿಸಿಕೊಂಡೆವು. ಮರುವಾರ ಹುಬ್ಬಳ್ಳಿಗೆ ಹೋಗಿ ನರರೋಗದ ಡಾಕ್ಟರನ್ನು ಕಂಡೆವು.

ಆ ಡಾಕ್ಟರಮ್ಮ ಅವರನ್ನು ನಡೆಸಿದರು, ಕೂರಿಸಿದರು, ಹೆಬ್ಬೆರಳಿಗೆ ತೋರುಬೆರಳು ಬಡಿಯಲು ಹೇಳಿದರು. ನಡುಕದ ಬೇನೆ ಇರಬಹುದು ಎಂದರು. ಅದರಲ್ಲಿ ಹಲವು ಬಗೆಯಂತೆ. ಒಂದು ನಿಧಾನದ್ದು, ಗುಳಿಗೆಗೆ ಚೆನ್ನಾಗಿ ಬಗ್ಗುತ್ತದೆ, ವರ್ಷಗಟ್ಟಲೆ ಸಂಭಾಳಿಸಿಕೊಂಡು ಹೋಗಬಹುದು. ಇನ್ನು ಕೆಲವು ಅವಸರದವು, ಗುಳಿಗೆಗೆ ಜಗ್ಗುವುದಿಲ್ಲ. ಯಾವುದೆಂದು ಇಷ್ಟು ಬೇಗ ಹೇಳುವುದು ಕಷ್ಟ, ಸ್ಕ್ಯಾನ್ ಆಗಬೇಕು, ಗುಳಿಗೆ ಹೇಗೆ ಹತ್ತುತ್ತದೆ ನೋಡಬೇಕು ಎಂದರು. ಆಮೇಲೆ, ಪೆನ್ನು ಕೆಳಗಿಟ್ಟು, ನೀವು ಸೈಕಲ್ ಹೊಡೆಯುತ್ತೀರಾ ಎಂದು ಕೇಳಿದರು.

ನಮಗೆ ಆ ಪ್ರಶ್ನೆ ವಿಚಿತ್ರವೆನಿಸಿತು. ಅವರೇ ಬಿಡಿಸಿ ಹೇಳಿದರು. ನಿಧಾನದ ಬಗೆಯಲ್ಲಿ ನಡೆಯುವುದು ಕಷ್ಟವಾದರೂ ಸೈಕಲ್ಲು ಬಹಳ ಕಾಲ ಕೈಬಿಡುವುದಿಲ್ಲವಂತೆ. ಕೆಟ್ಟ ಬಗೆಗಳಲ್ಲಿ ಸಮತೋಲ ಮೊದಲೇ ಹೋಗುವುದರಿಂದ ಸೈಕಲ್ ಹೊಡೆಯುವುದೂ ಬೇಗ ತಪ್ಪಿಹೋಗುತ್ತದಂತೆ. ಇದೊಂದರಿಂದಲೇ ತೀರ್ಮಾನವಲ್ಲ, ಆದರೂ ತಿಳಿದರೆ ಒಳ್ಳೆಯದು ಎಂದರು.

"ಹೊಡಿತೇನ್ರಿ ಮೇಡಂ, ದಿನಾ ಸಾಲಿಗೆ ಅದರ ಮ್ಯಾಲನ ಹೋಗ್ತೇನಿ," ಎಂದರು ನನ್ನವರು. "ಒಂದೆರಡು ಸಲ ಬಿದ್ದೇನಿ ಖರೆ. ಅದು ಟೈರ್ ಸಂಬಂಧ."

ಡಾಕ್ಟರು ನನ್ನ ಕಡೆ ನೋಡಿದರು. ನಾನು ಗೋಡೆಯ ಮೇಲಿನ ಬೆನ್ನೆಲುಬಿನ ಚಿತ್ರ ನೋಡಿದೆ. ಸದ್ಯಕ್ಕೆ ಬಸ್ಸಿನಲ್ಲಿ ಶಾಲೆಗೆ ಹೋಗಿ, ಒಬ್ಬರೇ ಸೈಕಲ್ ಹತ್ತಬೇಡಿ, ಟೈರಿನದೋ ಅಲ್ಲವೋ ಖಾತ್ರಿಯಾದರೆ ನನಗೊಂದು ಫೋನ್ ಮಾಡಿ ಎಂದು ಹೇಳಿ ಕಳಿಸಿದರು.

ಅಂದಿನಿಂದ ನಮ್ಮ ಮನೆಯಲ್ಲಿ ಬೇನೆಯ ಮಾತಿರಲಿಲ್ಲ, ಟೈರಿನದೇ ಮಾತು. ದೇವರ ಮುಂದೆ ದೀಪ ಹಚ್ಚುವಾಗಲೂ ನಾನು ಬೇಡಿಕೊಳ್ಳುತ್ತಿದ್ದದ್ದು ಒಂದೇ, ತಪ್ಪು ಟೈರಿನದೇ ಆಗಿರಲಿ ಎಂದು. ಇಂಥ ಬೇಡಿಕೆ ಶಿವನಿಗೂ ಹೊಸದಿರಬೇಕು.

ಯಾವ ಟೈರು ಎಂಬುದು ಸುಲಭದ ಮಾತಾಗಿರಲಿಲ್ಲ. ಹಳೆಯ ಬಟನ್ ಟೈರನ್ನೇ ಹಾಕಿದರೆ ಖಡಿಯಲ್ಲಿ ಜಾರುವುದಿಲ್ಲ, ಆದರೆ ಡಾಂಬರಿನಲ್ಲೇ ಕಾಲು ಸೋತುಹೋಗುತ್ತದೆ. ಆಗ ವಾಲಾಡಿದರೆ ದಣಿವಿನಿಂದ ಎನ್ನಬಹುದು. ನುಣ್ಣನೆಯದನ್ನು ಇಟ್ಟುಕೊಂಡರೆ ಖಡಿಯ ಮೇಲೆ ಯಾರಾದರೂ ಬೀಳಬಹುದು. ನಮಗೆ ಎರಡು ಕಡೆಯೂ ನೆಪ ಕೊಡದ ಟೈರು ಬೇಕಿತ್ತು. ಅವರು ಇದನ್ನು ಹಲಗೆಯ ಮೇಲಿನ ಲೆಕ್ಕದಂತೆ ಬಿಡಿಸಿ ಹೇಳಿದರು. ಹೇಳುವಾಗ ದನಿ ಗಟ್ಟಿಯಾಗಿಯೇ ಇತ್ತು.

ಬಸ್ ನಿಲ್ದಾಣದ ಹತ್ತಿರದ ಸೈಕಲ್ ಅಂಗಡಿಯ ಚಾಚಾ ನಮಗೆ ಬಹಳ ವರ್ಷದ ಪರಿಚಯ. ಅವರು ಜಗಳಗಂಟರು, ನಾನೂ ಹಾಗೆಯೇ, ಅದಕ್ಕೇ ಇಬ್ಬರಿಗೂ ಚೆನ್ನಾಗಿ ಹೊಂದುತ್ತದೆ. ರೋಡಿಗೂ ಬೇಕು ಖಡಿಗೂ ಬೇಕು ಅಂದರೆ ಎರಡರಲ್ಲೂ ಅರ್ಧರ್ಧ ಸಿಗುತ್ತದೆ ಎಂದು ಅವರು ವಾದಿಸಿದರು. ಕೊನೆಗೆ ಮೊಬೈಲಿನಲ್ಲಿ ನೋಡಿ ನೋಡಿ ಒಂದು ಜೊತೆ ಗೊತ್ತು ಮಾಡಿದೆವು. ನಡುವೆ ಸಣ್ಣ ಹಲ್ಲುಗಳು ಒತ್ತೊತ್ತಾಗಿ ಪಟ್ಟಿಯಂತೆ ಇರುವುದು, ಅಂಚಿಗೆ ಮೊನೆಯುಳ್ಳ ದೊಡ್ಡ ಹಲ್ಲು ಬಿಡಿಬಿಡಿಯಾಗಿ, ಮೊನೆಯೆಲ್ಲ ಒಂದೇ ದಿಕ್ಕಿಗೆ. ಡಾಂಬರಿನಲ್ಲಿ ನಡುವಿನ ಪಟ್ಟಿ ಓಡುತ್ತದೆ, ಜಲ್ಲಿಯಲ್ಲಿ ಅಂಚು ಹಿಡಿಯುತ್ತದೆ. ಮುಂದಿನದು ತುಸು ಅಗಲವಿರಲಿ, ಹ್ಯಾಂಡಲ್ ಹಿಡಿದ ಗಾಲಿ ಜಾರಿದರೆ ಉಳಿಸಿಕೊಳ್ಳಲಾಗುವುದಿಲ್ಲ ಎಂದು ಚಾಚಾ ಹಟ ಹಿಡಿದರು. ಗಾಳಿ ಕಲ್ಲಿನಂತೆ ತುಂಬಬೇಡಿ, ಹೆಬ್ಬೆರಳಿಗೆ ಸ್ವಲ್ಪ ಬಗ್ಗಬೇಕು ಎಂದು ನಾನು ಹಟ ಹಿಡಿದೆ. ಬೇನೆಯ ವಿಷಯ ಚಾಚಾನಿಗೆ ಹೇಳಲಿಲ್ಲ.

ರಜೆಯ ದಿನ ಬೆಳಗ್ಗೆ ಶಾಲೆಯ ದಾರಿಗೆ ಹೋದೆವು. ಅವರು ಸೈಕಲ್ಲಿನಲ್ಲಿ, ಹಿಂದೆಯೇ ನಾನು ಸ್ಕೂಟಿಯಲ್ಲಿ. ಡಾಂಬರಿನ ಮೇಲೆ ಅವರು ಹೋಗುವುದನ್ನು ನೋಡಿ ನನ್ನ ಜೀವಕ್ಕೆ ಸಮಾಧಾನವಾಯಿತು. ಖಡಿ ಶುರುವಾಗುವ ಮೋರಿಯ ಹತ್ತಿರ ನಿಲ್ಲಿಸಿ, ಮುಂದೆ ಜಲ್ಲಿಯ ಮೇಲೆ ಧೂಳು ಕೂತಿದ್ದ ಸಪಾಟು ಜಾಗವೊಂದನ್ನು ಹುಡುಕಿ, ಮತ್ತಿಮರದ ಟೊಂಗೆ ಮುರಿದು ಸವರಿದೆ. ನನ್ನನ್ನೂ ಹುಲಿ ಮಾಡಿಬಿಟ್ಟೆಯಲ್ಲ ಎಂದು ಅವರು ಹಾಸ್ಯ ಮಾಡಿದರು.

ಸೈಕಲ್ಲು ಹತ್ತಿ ಬಂದ ಅವರು ನಾನು ಸವರಿದ ಪಟ್ಟಿಯ ನಡುವೆ ಕಾಲು ಕೆಳಗೆ ಕೊಟ್ಟರು. ಬೀಳಲಿಲ್ಲ, ಆದರೆ ಬೀಳುವವರಿದ್ದರು. ಓಡಿಹೋಗಿ ನೆಲ ನೋಡಿದೆ. ಎರಡು ಗಾಲಿಯ ಗುರುತು ಬೇರೆ ಬೇರೆಯಾಗಿ ಹಾವಿನಂತೆ ಹರಿದಿದ್ದವು. ಜೊತೆಗೆ ಇನ್ನೊಂದು ಕಂಡಿತು. ಹಿಂದಿನ ಗಾಲಿಯ ಹಲ್ಲಿನ ಮೊನೆ ಒಂದು ಕಡೆಗಿದ್ದರೆ ಮುಂದಿನದು ಎದುರು ಕಡೆಗಿತ್ತು. ಮುಂಗಾಲು ಹಿಂದಕ್ಕೆ, ಹಿಂಗಾಲು ಮುಂದಕ್ಕೆ ಇಟ್ಟು ನಡೆಯುವ ಪ್ರಾಣಿಯನ್ನು ನಾನೆಲ್ಲೂ ಕಂಡಿಲ್ಲ. ಟೈರಿನ ಮಗ್ಗುಲಲ್ಲಿ ತಿರುಗುವ ದಿಕ್ಕು ತೋರಿಸುವ ಬಾಣದ ಗುರುತು ನೋಡಿದರೆ, ಮುಂದಿನದನ್ನು ಚಾಚಾ ಉಲ್ಟಾ ಕೂರಿಸಿದ್ದರು.

ನನಗೆ ಕುಣಿಯಬೇಕೆನಿಸಿತು. ಅವರ ಮುಖವೂ ಅರಳಿತು. "ಮತ್ತ ನಾ ಏನ್ ಹೇಳಿದ್ದೆ," ಎಂದು ಮಕ್ಕಳಂತೆ ಹೇಳಿದರು. ವಾಪಸು ಬಂದು ಚಾಚಾನ ಮೇಲೆ ಹರಿಹಾಯ್ದೆ. ಕಂಪನಿ ಹೆಸರಿರುವ ಮಗ್ಗುಲು ಚೈನಿನ ಕಡೆಗೆ ಬರಬೇಕೆಂಬ ರೂಢಿಯಲ್ಲಿ ಅವರು ಬಾಣ ನೋಡದೆ ಕೂರಿಸಿದ್ದರಂತೆ. ಪಾಪ, ನನ್ನ ಬೈಗುಳದ ನಡುವೆ ನಾನೇಕೆ ಇಷ್ಟು ಖುಷಿಯಲ್ಲಿದ್ದೇನೆಂದು ಅವರಿಗೆ ತಿಳಿಯಲಿಲ್ಲ. ಟೈರು ತಿರುಗಿಸಿ ಹಾಕಿಸಿಕೊಂಡು, ಮಿರ್ಚಿ ಭಜಿ ಕಟ್ಟಿಸಿಕೊಂಡು ಮನೆಗೆ ಬಂದೆವು. ಆ ವಾರವೆಲ್ಲ ಅವರು ಶಾಲೆಯಿಂದ ಬಂದವರೇ ಹಾಡು ಗುನುಗುತ್ತಿದ್ದರು. ಮುಳುಗುವವನಿಗೆ ಹುಲ್ಲುಕಡ್ಡಿ ಎನ್ನುತ್ತಾರಲ್ಲ, ಆ ಕಡ್ಡಿ ಹಿಡಿದೇ ನಾನೂ ನೆಮ್ಮದಿಯಾಗಿ ಉಂಡೆ, ಮಲಗಿದೆ.

ಮುಂದಿನ ರಜೆಗೆ ಮತ್ತೆ ಅದೇ ಮೋರಿ, ಅದೇ ಖಡಿ. ಈ ಸಲ ಪಟ್ಟಿಯನ್ನು ಇನ್ನೂ ಉದ್ದ ಸವರಿದೆ. ದಪ್ಪ ಕಲ್ಲುಗಳನ್ನು ಕೈಯಿಂದಲೇ ಆರಿಸಿ ಬದಿಗೆ ಹಾಕಿದೆ. ಅವರು ದೂರದಿಂದ ತುಳಿದುಕೊಂಡು ಬಂದರು, ನನ್ನನ್ನು ದಾಟಿ ಹೋದರು. ತುದಿಯ ಹತ್ತಿರ ಕಾಲು ಕೊಟ್ಟು ನಿಂತರು.

ನಾನು ಕುಕ್ಕರುಗಾಲಿನಲ್ಲಿ ಕೂತು ನೋಡಿದೆ. ಗಾಲಿ ಜಾರಿದಲ್ಲಿ ಹಲ್ಲಿನ ಗುರುತು ಒರೆಸಿದಂತೆ ಅಳಿಸಿರುತ್ತದೆ. ಇಲ್ಲಿ ಎಲ್ಲೂ ಅಳಿಸಿರಲಿಲ್ಲ. ನಡುವಿನ ಸಣ್ಣ ಹಲ್ಲು, ಅಂಚಿನ ದೊಡ್ಡ ಹಲ್ಲು, ಒಂದೊಂದೂ ಅಚ್ಚೊತ್ತಿದ ಹಾಗೆ ಮೂಡಿತ್ತು. ಟೈರು ನೆಲವನ್ನು ಬಿಟ್ಟೇ ಇರಲಿಲ್ಲ. ಆದರೂ ಆ ಸಪಾಟು ಜಾಗದಲ್ಲಿ, ಒಂದು ಕಲ್ಲೂ ಅಡ್ಡವಿಲ್ಲದೆ, ಗೆರೆ ಬಲಕ್ಕೆ ವಾಲಿ, ಎಡಕ್ಕೆ ಹೊರಳಿ, ಮತ್ತೆ ಬಲಕ್ಕೆ ವಾಲಿತ್ತು. ವಾಲಿದಲ್ಲೆಲ್ಲ ಅವರ ಬೂಟಿನ ತುದಿ ನೆಲ ಗೀರಿತ್ತು. ನನಗೆ ಅಳು ಬಂತು, ಅವರಿಗೆ ಕಾಣಬಾರದೆಂದು ತಲೆ ಎತ್ತಲಿಲ್ಲ.

ಅವರು ಸೈಕಲ್ಲು ತಳ್ಳಿಕೊಂಡು ಬಂದು ನನ್ನ ಪಕ್ಕ ನಿಂತರು. ತಾವೂ ಆ ಗೆರೆಯನ್ನು ತುದಿಯಿಂದ ತುದಿಗೆ ನೋಡಿದರು.

"ಎಲ್ಲೆರೆ ಜಾರೇತೇನು?" ಎಂದು ಕೇಳಿದರು.

ಸುಳ್ಳು ಹೇಳಬೇಕೆಂದು ಬಾಯಿ ತೆರೆದೆ. ಇಷ್ಟು ವರ್ಷ ಧೂಳು ನೋಡಿ ಸುಳ್ಳು ಹೇಳಿದವಳಲ್ಲ. "ಇಲ್ರಿ," ಎಂದೆ. "ಎಲ್ಲೂ ಜಾರಿಲ್ಲ."

ಅವರು ಬಗ್ಗಿ ಮುಂದಿನ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಆಮೇಲೆ ಕೈಯ ಧೂಳು ಒರೆಸಿಕೊಂಡು, ತರಗತಿಯಲ್ಲಿ ಉತ್ತರ ಹೇಳುವಷ್ಟೇ ಸಾವಕಾಶವಾಗಿ ಹೇಳಿದರು.

"ಚಲೋ ಟೈರ್ ಆರಿಸಿದ್ದಿ ನೀ. ಮನಿಗೆ ಹೋದ ಮ್ಯಾಲ ಡಾಕ್ಟರಿಗೆ ಫೋನ್ ಹಚ್ಚು. ಟೈರಿಂದೇನೂ ತಪ್ಪಿಲ್ಲ ಅಂತ ಹೇಳು."