ಗೋಡೆಯ ಬಳಿ ನಾನು ನುಂಗಿದ ಮಾತು

ಶೌರಮ್ಮಕ್ಕ, ಬಿಷಪ್ಪರು ನಿಮ್ಮಲ್ಲಿ ಕ್ಷಮೆ ಕೇಳಿದ್ದರು. ಆ ಮಾತನ್ನು ನಿಮಗೆ ಮುಟ್ಟಿಸದೆ ನುಂಗಿದವನು ನಾನು.

ಆಗ ಅವರು ಬಳ್ಳಾರಿಗೆ ಬಂದ ಹೊಸತು, ಕನ್ನಡ ಬರುತ್ತಿರಲಿಲ್ಲ. ಅವರು ಇಂಗ್ಲಿಷಿನಲ್ಲಿ ಪ್ರಬೋಧನೆ ಮಾಡುವರು, ಶಾಲೆಯ ಮೇಷ್ಟ್ರಾದ ನಾನು ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳುವೆ. ಆ ವರ್ಷ ಸಮಾಧಿ ಹಬ್ಬಕ್ಕೆ ಸಿರುಗುಪ್ಪದಾಚೆಯ ನಮ್ಮೂರಿಗೆ ಬಂದರು. ಗೋರಿಗಳಿಗೆ ತೀರ್ಥ ಚಿಮುಕಿಸುತ್ತಾ ಹೋದವರು ಗೋಡೆಯ ಹತ್ತಿರ ನಿಂತುಬಿಟ್ಟರು. ಆಚೆ ಯಾರನ್ನು ಹೂಳಿದ್ದೀರಿ ಎಂದು ಕೇಳಿದರು. ಕೆಳಗಿನ ಕೇರಿಯವರನ್ನು ಎಂದೆ. ಒಂದೇ ಗುಡಿ, ಒಂದೇ ಪೂಜೆ — ಸತ್ತ ಮೇಲೆ ಮಾತ್ರ ನಡುವೆ ಗೋಡೆ. ಕಟ್ಟಿಸಿದವರಲ್ಲಿ ನಮ್ಮಪ್ಪನೂ ಒಬ್ಬ. ನಿಮ್ಮ ಯಜಮಾನರನ್ನು ಆಚೆ ಮಣ್ಣು ಮಾಡಿ ಆಗಿನ್ನೂ ತಿಂಗಳಷ್ಟೇ ಆಗಿತ್ತು.

ಬಿಷಪ್ಪರು ತಲೆಯ ಮೇಲಿನ ಟೋಪಿ ತೆಗೆದರು. ಈ ಗೋಡೆ ನಮ್ಮ ಪಾಪ, ಕ್ಷಮಿಸುವವರು ಬಂದು ನನ್ನ ಕೈ ಹಿಡಿಯಿರಿ, ಕೂಡಿ ಇದನ್ನು ಕೆಡವೋಣ — ಎಂದು ಇಂಗ್ಲಿಷಿನಲ್ಲಿ ಹೇಳಿ ನಿಮ್ಮವರ ಕಡೆಗೆ ಕೈ ಚಾಚಿದರು.

ನನ್ನ ಚಿಕ್ಕಪ್ಪಂದಿರು ಎದುರಿಗೇ ನಿಂತಿದ್ದರು. ನಾನು ಹೇಳಿದ್ದೇ ಬೇರೆ: “ಎಲ್ಲಾರೂ ನಿಂತಲ್ಲೇ ತಲಿ ಬಗ್ಗಿಸಿ ಸತ್ತೋರಿಗೆ ಪ್ರಾರ್ಥನಿ ಮಾಡ್ರಿ.”

ನೀವೆಲ್ಲ ತಲೆ ಬಗ್ಗಿಸಿದಿರಿ. ಅವರ ಕೈ ಚಾಚಿದಂತೆಯೇ ಇತ್ತು. ನೋಡಿದವನು ನಾನೊಬ್ಬನೇ.

ಮರಳುವಾಗ ಜೀಪಿನಲ್ಲಿ ಬಿಷಪ್ಪರು, ಕೆಳಗಿನ ಕೇರಿಯವರು ಕ್ಷಮಿಸಲಿಲ್ಲ ಮೇಷ್ಟ್ರೇ, ಅದೂ ನ್ಯಾಯವೇ, ಅಂದರು. ಆಗಲಾದರೂ ಬಾಯಿ ಬಿಡಬಹುದಿತ್ತು... ಬಿಡಲಿಲ್ಲ, ಹೇಡಿ ನಾನು.

ಆಮೇಲೆ ಅವರು ಕುರುಗೋಡಿನಲ್ಲಿ ಹಾಸ್ಟೆಲ್ ಕಟ್ಟಿಸಿದರು, ಕೂಲಿಯವರಿಗಾಗಿ ಡಿ.ಸಿ. ಆಫೀಸಿಗೆ ಅಲೆದರು, ಊರಲ್ಲಿ ಗಲಾಟೆಯಾದಾಗ ಮಠದ ಸ್ವಾಮಿಗಳನ್ನೂ ಮೌಲ್ವಿಗಳನ್ನೂ ಒಂದೆಡೆ ಕೂಡಿಸಿದರು. ಕನ್ನಡವನ್ನೂ ಕಲಿತರು. ಆದರೆ ಗೋಡೆಯ ಮಾತು ಮಾತ್ರ ಎತ್ತಲಿಲ್ಲ. ನೊಂದವರು ತಾವಾಗಿ ಬರಬೇಕು, ನಾನು ಬಲವಂತ ಮಾಡಬಾರದು ಎನ್ನುತ್ತಿದ್ದರು. ಕಾದರು. ಕಾಯುತ್ತಲೇ ಹೋದರು.

ಹೋದ ತಿಂಗಳು ಬಳ್ಳಾರಿಯ ನುಡಿನಮನದಲ್ಲಿ ಅವರನ್ನು ಬಾಯಿತುಂಬ ಹೊಗಳಿದೆ. ಹೊರಗೆ ಬಂದಾಗ ನೀವು ನನ್ನ ತಡೆದು ನಿಲ್ಲಿಸಿದಿರಿ. “ದೊಡ್ಡ ಮನುಷ್ಯಾರು ಖರೆ, ಮೇಷ್ಟ್ರ. ಆದ್ರ ನಮ್ಮ ಗೋಡಿ ಬಗ್ಗಿ ಒಂದ್ ಮಾತೂ ಆಡ್ಲಿಲ್ಲ ನೋಡ್ರಿ.”

ನಿಮ್ಮ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಅಕ್ಕ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನನ್ನಿಂದ ನೀವು ಅವರನ್ನು ತಪ್ಪು ತಿಳಿದಿರಿ, ಅವರು ನಿಮ್ಮನ್ನು. ಅವರು ಹಾಗೇ ಕಣ್ಣು ಮುಚ್ಚಿದರು.

ಬರುವ ಸಮಾಧಿ ಹಬ್ಬಕ್ಕೆ ಊರೆಲ್ಲ ಸೇರಿದಾಗ ಆ ಗೋಡೆಯ ಬಳಿ ನಿಂತು ಅವರ ಮಾತನ್ನು ಅವರು ಆಡಿದಂತೆಯೇ ಹೇಳುತ್ತೇನೆ. ಒಂದು ಹಾರೆಯನ್ನೂ ತರುತ್ತೇನೆ. ನೀವು ಮುಂದೆ ಬರುವುದಾದರೆ ಅವರಿಗಾಗಿ ಬನ್ನಿ. ನನಗಾಗಿ ಬೇಡ.