ಸಾರು ಹರಿದ ದಿಕ್ಕು

ನನಗೆ ಕೋಪ ಮೂಗಿನ ತುದಿಯಲ್ಲೇ. ಅಣ್ಣನ ಮಗಳ ಮದುವೆಯ ದಿನವೂ ಅದನ್ನು ಮನೆಯಲ್ಲಿಟ್ಟು ಬರಲಾಗಲಿಲ್ಲ. ಕೋಪ ಅಪ್ಪನ ಮೇಲೆ. ಒಳಗೆ ಇದ್ದದ್ದು ಹೆದರಿಕೆ, ಹೊರಗೆ ಬರುವಾಗ ಮಾತ್ರ ಅದು ಬೈಗುಳವಾಗಿಯೇ ಬರುತ್ತಿತ್ತು.

ಅಪ್ಪನಿಗೆ ಎಪ್ಪತ್ತೆಂಟು. ಮೂರು ತಿಂಗಳ ಹಿಂದೆ ಒಂದು ದಿನ ಲೋಕಲ್ ರೈಲಿನಿಂದ ಕಲ್ಯಾಣ ಸ್ಟೇಷನ್ನಿನಲ್ಲಿ ಇಳಿಯಬೇಕಾದವರು ಅದರ ಮುಂದಿನ ಶಹಾಡ್‌ನಲ್ಲಿ ಇಳಿದರು. ನಿದ್ದೆ ಹತ್ತಿತ್ತು ಎಂದರು. ಮತ್ತೊಂದು ದಿನ ಒಲೆಯ ಮೇಲಿನ ಹಾಲು ಉಕ್ಕಿ ಹೋಯಿತು. ನಮಗೆ ಅಷ್ಟು ಸಾಕಾಯಿತು. ಮುಂಬೈ ಹತ್ತಿರದ ಡೊಂಬಿವಲಿಯ ಮನೆಯಲ್ಲಿ ಅಣ್ಣನೂ ನಾನೂ ಕೂತು, ಅಪ್ಪನಿಗೆ ಅರಳುಮರುಳು ಶುರುವಾಗಿದೆ, ಇನ್ನು ಒಬ್ಬರನ್ನೇ ಲೋಕಲ್ ಹತ್ತಲು ಬಿಡುವುದು ಬೇಡ ಎಂದು ತೀರ್ಮಾನಿಸಿದೆವು. ವಾರಕ್ಕೆರಡು ಸಲ ಅವರು ಕಲ್ಯಾಣಕ್ಕೆ ಹೋಗಿ ಹಳೆಯ ಗೆಳೆಯರ ಜೊತೆ ಹರಟಿ ಬರುತ್ತಿದ್ದರು. ಅದು ನಿಂತಿತು. ಅಪ್ಪ ಎದುರಾಡಲಿಲ್ಲ.

ಮದುವೆಗೆ ಅಣ್ಣ ಗೊತ್ತುಮಾಡಿದ ಹಾಲ್ ಕಲ್ಯಾಣದಲ್ಲಿ. ಮೊದಲು ಅದು ಸಿನಿಮಾ ಥಿಯೇಟರ್. ಉಡುಪಿ ಕಡೆಯಿಂದ ಬಂದ ಅಪ್ಪ ಅಲ್ಲೇ ಕ್ಯಾಂಟೀನ್ ನಡೆಸಿದ್ದು, ಇಂಟರ್ವಲ್ಲಿಗೆ ಚಹಾದ ಟ್ರೇ ಹಿಡಿದು ಕತ್ತಲಲ್ಲಿ ಸಾಲುಗಳ ನಡುವೆ ಇಳಿಯುತ್ತಿದ್ದದ್ದು. ಅಲ್ಲಿ ಬಟಾಟೆವಡೆ ತಿಂದೇ ಬೆಳೆದವಳು ನಾನು. ಆದರೆ ಆ ದಿನ ಒಳಗೆ ಹೋದರೆ ನನಗೆ ಏನೇನೂ ಗುರುತು ಹತ್ತಲಿಲ್ಲ. ಹೊರಗೆ ಆ ದುಂಡಗೆ ಉಬ್ಬಿದ ಗೋಡೆ, ಅದರ ಮೇಲಿನ ಸಿಮೆಂಟಿನ ಉದ್ದುದ್ದ ಗೆರೆಗಳು ಹಾಗೇ ಇದ್ದವು. ಒಳಗೆ ಟಿಕೆಟ್ ಕೊಡುತ್ತಿದ್ದ ಕಿಂಡಿಯ ಮುಂದೆ ಚಪ್ಪಲಿ ಸ್ಟ್ಯಾಂಡ್. ಬಾಲ್ಕನಿಗೆ ಹೋಗುವ ಮೆಟ್ಟಿಲಿಗೆ ಬೀಗ. ಪರದೆ ಇದ್ದಲ್ಲಿ ಸ್ಟೇಜು, ಮಂಟಪ. ಕುರ್ಚಿಗಳನ್ನೆಲ್ಲ ಕಿತ್ತು ಹೊಳೆಯುವ ಟೈಲ್ಸ್ ಹಾಕಿದ್ದರು, ತಲೆಯ ಮೇಲೆ ಬಿಳಿ ಸೀಲಿಂಗ್. ಕ್ಯಾಂಟೀನ್ ಎಡಕ್ಕಿತ್ತೋ ಬಲಕ್ಕಿತ್ತೋ ತಿಳಿಯದೆ ನಾನು ಸುಮ್ಮನೆ ಎರಡು ಸುತ್ತು ಹೊಡೆದೆ. ತಲೆ ಬೇರೆ ತಿರುಗುತ್ತಿತ್ತು. ಬೆಳಿಗ್ಗೆಯಿಂದ ಖಾಲಿ ಹೊಟ್ಟೆ, ಅದಕ್ಕೇ ಇರಬೇಕು ಎಂದುಕೊಂಡೆ.

ಅಪ್ಪ ನಡೆಯುವುದನ್ನು ನೋಡಿ ಇದ್ದ ಜೀವವೂ ಹಾರಿಹೋಯಿತು. ಬಾಗಿಲಿಂದ ಸ್ಟೇಜಿನ ಕಡೆ ಹೋಗುವಾಗ ಬೆನ್ನು ಹಿಂದಕ್ಕೆ ಒಗೆದು, ಹಿಮ್ಮಡಿ ಊರಿ ಊರಿ, ಗುಡ್ಡ ಇಳಿಯುವವರ ಹಾಗೆ ನಡೆಯುತ್ತಿದ್ದರು. ಗಂಡಿನ ಕಡೆಯವರು ನೋಡುತ್ತಿದ್ದರು. "ಅಪ್ಪ, ಸರಿಯಾಗಿ ನಡೀರಿ," ಎಂದು ಹಲ್ಲು ಕಚ್ಚಿ ಹೇಳಿದೆ.

ಊಟಕ್ಕೆ ಹಾಲ್‌ನವರು ಟೇಬಲ್ ಇಟ್ಟಿದ್ದರು. ಆದರೆ ಹಿರಿಯರ ಪಂಕ್ತಿ ನೆಲದ ಮೇಲೆ, ಬಾಳೆಲೆಯಲ್ಲೇ ಆಗಬೇಕು ಎಂದು ನಮ್ಮವರ ಹಟ. ಬಾಲ್ಕನಿಯ ಕೆಳಗಿನ ಟೇಬಲ್‌ಗಳನ್ನು ನಾವೇ ಮೂಲೆಗೆ ಸರಿಸಿ, ಬಾಗಿಲಿಗೆ ಮುಖ ಮಾಡಿ ಎಲೆ ಹಾಕಿದೆವು. ಅಷ್ಟರಲ್ಲಿ ಅಪ್ಪ ಗಟ್ಟಿಯಾಗಿ, "ಈ ಕಡೆ ಮುಖ ಮಾಡ್ಬೇಡಿ. ಇಲ್ಲಿ ಇಳಿಜಾರುಂಟು, ಸಾರು ಮಡಿಲಿಗೆ ಬರ್ತದೆ. ಸ್ಟೇಜಿನ ಕಡೆ ತಿರುಗಿ ಕೂತ್ರೆ ಬಟ್ಟೆಯಾದ್ರೂ ಉಳೀತದೆ," ಎಂದರು.

"ಕುಣೀಲಿಕ್ಕೆ ಬಾರದವಳು ನೆಲ ಡೊಂಕು ಅಂದಳಂತೆ!" ಎಂದು ಅಣ್ಣ ನಗಾಡಿದ. ಹಾಲ್‌ನ ಮ್ಯಾನೇಜರ್ ಓಡಿಬಂದು, "ಕಾಕಾ, ಏಕದಮ್ ಲೆವಲ್ ಆಹೆ," ಎಂದು ಮರಾಠಿಯಲ್ಲಿ ಹೇಳಿದ, ನೆಲ ಪೂರ್ತಿ ಸಮ ಅಂತ. ನಾನು ಅಪ್ಪನ ತೋಳು ಹಿಡಿದು ಎಲೆಯ ಮುಂದೆ ಕೂರಿಸಿ, ಪಕ್ಕದ ಎಲೆಗೆ ನಾನೂ ಕೂತೆ. "ಸಾಕು ಅಪ್ಪ. ಜನ ನೋಡ್ತಿದ್ದಾರೆ. ಸುಮ್ನೆ ಊಟ ಮಾಡಿ." ನನ್ನ ದನಿ ನನಗೇ ಕೆಟ್ಟದಾಗಿ ಕೇಳಿಸಿತು. ಅಪ್ಪ ಅಂಗೈಯಿಂದ ಟೈಲ್ಸನ್ನು ಸವರಿ ನೋಡಿದರು. "ಲೆವಲ್ಲೇ ಇರ್ಬಹುದು," ಎಂದು ಸಣ್ಣ ದನಿಯಲ್ಲಿ ಹೇಳಿದರು.

ಕೋಸಂಬರಿ ಬಂತು, ಪಲ್ಯ ಬಂತು, ಅನ್ನ, ತೊವ್ವೆ. ಯಾವುದೂ ಕದಲಲಿಲ್ಲ. ಆಮೇಲೆ ಸಾರಿನ ಬಾಲ್ದಿ ಬಂತು. ನಾವು ಅನ್ನದಲ್ಲಿ ಗುಳಿ ಮಾಡಿ ಸಾರು ಹಾಕಿಸಿಕೊಂಡೆವು. ಸಾರು ಗುಳಿ ಒಡೆದುಕೊಂಡು, ಎಲೆ ದಾಟಿ, ಸೀದಾ ನನ್ನ ಮಡಿಲಿಗೆ. ಪಕ್ಕದವರ ಮಡಿಲಿಗೂ. ಇಡೀ ಸಾಲಿನ ಮಡಿಲಿಗೆ! "ಅಯ್ಯಯ್ಯೋ, ನನ್ನ ಸೀರೆ!" ಎಂದು ಹೆಂಗಸರೆಲ್ಲ ಎದ್ದು ನಿಂತರು.

ನನಗೆ ನೆಲ ನೋಡಬೇಕೋ ಸೀರೆ ನೋಡಬೇಕೋ ತಿಳಿಯಲಿಲ್ಲ. ಮೂಲೆಯ ಟೇಬಲ್‌ಗಳತ್ತ ನೋಡಿದೆ. ಒಂದೊಂದರಲ್ಲೂ ಒಂದು ಬದಿಯ ಎರಡು ಕಾಲಿಗೆ ಮಾತ್ರ ಮರದ ತುಂಡು ಹೊಡೆದಿದ್ದರು. ತಲೆಯೆತ್ತಿದರೆ, ಸೀಲಿಂಗೂ ನೆಲದ ಓರೆಗೇ ಓರೆ. ಥಿಯೇಟರಿನ ಇಳಿಜಾರನ್ನು ಮುಂದಿನ ಭಾಗದಲ್ಲಿ ಮಾತ್ರ ಮಣ್ಣು ತುಂಬಿ ಸಮ ಮಾಡಿ, ಹಿಂದೆ ಬಾಲ್ಕನಿಯ ಕೆಳಗೆ ಹಾಗೇ ಬಿಟ್ಟು ಟೈಲ್ಸ್ ಮುಚ್ಚಿದ್ದರು. ಮೇಲೂ ಕೆಳಗೂ ಒಂದೇ ಓರೆ ಇದ್ದರೆ ಕಣ್ಣಿಗೆ ಎಲ್ಲವೂ ನೇರ. ನನ್ನ ತಲೆ ತಿರುಗಿದ್ದೂ ಅದಕ್ಕೇ ಇರಬೇಕು. ಅಪ್ಪನ ಕಾಲು ಮಾತ್ರ ಮೋಸಹೋಗಿರಲಿಲ್ಲ.

ಎಲ್ಲರೂ ನಗುತ್ತ ಎಲೆ ತಿರುಗಿಸಿಕೊಳ್ಳುತ್ತಿದ್ದರು. ಅಪ್ಪನೂ ಗೆದ್ದೆನೆಂದು ನಗುತ್ತಾರೆ ಎಂದುಕೊಂಡು ತಿರುಗಿದರೆ, ಒದ್ದೆ ಪಂಚೆ ಹಿಡಿದುಕೊಂಡು ಕೂತಿದ್ದರು. ಕಣ್ಣು ತುಂಬಿತ್ತು.

"ಇಳಿಜಾರು ಉಂಟಲ್ಲ?" ಎಂದು ಕೇಳಿದರು.

"ಉಂಟು ಅಪ್ಪ."

"ನೀವಿಬ್ರೂ ಹೇಳಿದ ಮೇಲೆ ನಂಗೆ ಅರಳುಮರುಳು ಹೌದೇನೋ ಅಂದ್ಕೊಂಡಿದ್ದೆ ಮಗಾ. ದಿನಾ ಹಲ್ಲುಜ್ಜುವಾಗ ಸ್ಟೇಷನ್‌ಗಳನ್ನು ಹೇಳಿ ನೋಡ್ತೇನೆ. ಡೊಂಬಿವಲಿ, ಠಾಕುರ್ಲಿ, ಕಲ್ಯಾಣ್, ಶಹಾಡ್. ಒಂದೂ ತಪ್ಪುವುದಿಲ್ಲ. ಆದ್ರೂ ಮಕ್ಕಳು ಸುಮ್ನೆ ಹೇಳ್ಲಿಕ್ಕಿಲ್ಲ ಅಂತ."

ನನಗೆ ನಾಚಿಕೆಯಾಯಿತು, ಅಳುವೂ ಬಂತು. ನೆಲದ ವಿಷಯದಲ್ಲಿ ಅವರೇ ಸರಿ. ಹಾಗಾದರೆ ಶಹಾಡ್? ಆ ಹಾಲು? ಏನು ನಂಬಬೇಕೋ ಗೊತ್ತಾಗಲಿಲ್ಲ. ಆದರೂ, "ಮಂಗಳವಾರ ಕಲ್ಯಾಣಕ್ಕೆ ಹೋಗಿ ಬನ್ನಿ ಅಪ್ಪ. ಒಬ್ಬರೇ ಹೋಗಿ. ಯಾರೂ ಏನೂ ಹೇಳುವುದಿಲ್ಲ," ಎಂದೆ.

ಅಪ್ಪ ತಲೆಯಾಡಿಸಿದರು.

"ನೀನೂ ಬಾ," ಎಂದರು. "ಒಬ್ಬನೇ ಹೋಗ್ಲಿಕ್ಕೆ ಈಗ ಧೈರ್ಯ ಬರುವುದಿಲ್ಲ."