ಕೆಂಚನ ಪಾಲು

ಗಂಗಣ್ಣನವರ ಮನೆಯಲ್ಲಿ ಟೀಯನ್ನು ಮೊದಲು ಕುಡಿಯುತ್ತಿದ್ದುದು ನಾಯಿ. ಯಾರೇ ಕೊಡಲಿ, ಲೋಟದಿಂದ ಒಂದು ಗುಟುಕನ್ನು ಗೇಟಿನ ಪಕ್ಕದ ಅಲ್ಯೂಮಿನಿಯಂ ತಟ್ಟೆಗೆ ಸುರಿದು, ಕೆಂಚ ಅದನ್ನು ನೆಕ್ಕಿ ಬಾಲ ಅಲ್ಲಾಡಿಸುವವರೆಗೆ ಕಾಯುತ್ತಿದ್ದರು. ಆಮೇಲೆ ತಾವು ಕುಡಿಯುತ್ತಿದ್ದರು. ಬಾಗಲಗುಂಟೆಯ ಅವರ ಮನೆಯ ಮೇಲಿನ ಪೋರ್ಷನ್ನಿಗೆ ನಾವು ಬಾಡಿಗೆಗೆ ಬಂದ ದಿನ, ಹಾಲುಕ್ಕಿಸಿ, ನನ್ನ ಹೆಂಡತಿ ಒಂದು ಲೋಟ ಹಾಲು ತೆಗೆದುಕೊಂಡು ಹೋಗಿ ಕೊಟ್ಟಾಗಲೂ ಅಷ್ಟೇ. ನಮ್ಮ ಕಣ್ಣೆದುರೇ ತಟ್ಟೆಗೆ ಸುರಿದರು. ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ತಪ್ಪು ತಿಳ್ಕಬ್ಯಾಡಮ್ಮ," ಎಂದರು ಗಂಗಣ್ಣ. "ನಿಮ್ ಮ್ಯಾಲೆ ಅನುಮಾನ ಅಂತಲ್ಲ. ಹಾಲಿನೋನ್ ಮ್ಯಾಲೆ."

ಹಾಲಿನವನ ಮೇಲೆ ಮಾತ್ರ ಆಗಿದ್ದರೆ ಬೇರೆ ಮಾತು. ಕರೆಂಟ್ ಮೀಟರ್ ನೋಡಲು ಬಂದವನ ಹಿಂದೆಯೇ ನಿಂತು ಅವನು ಬರೆದದ್ದನ್ನು ಇಣುಕುವರು. ಮದುವೆಯ ಕರೆಯೋಲೆ ಬಂದರೆ, ಇಷ್ಟು ವರ್ಷ ಇಲ್ಲದ ನೆನಪು ಇವರಿಗೆ ಈಗ ಯಾಕೆ ಬಂತು ಎಂದು ಅರ್ಧ ದಿನ ಯೋಚಿಸುವರು. ತರಕಾರಿ ಗಾಡಿಯವನು ಕೇಳದೆಯೇ ಒಂದು ಕಟ್ಟು ಕೊತ್ತಂಬರಿ ಸೊಪ್ಪು ಹೆಚ್ಚಿಗೆ ಕೊಟ್ಟ ದಿನ, ಕೊಂಡ ಬದನೆಕಾಯಿಯನ್ನೆಲ್ಲ ಅಲ್ಲೇ ರಸ್ತೆಯಲ್ಲಿ ಮುರಿದು ನೋಡಿದ್ದರು. ಗೇಟಿಗೆ ಬೀಗ, ಬೀಗದ ಮೇಲೆ ಸರಪಳಿ, ಸರಪಳಿಗೆ ಮತ್ತೊಂದು ಬೀಗ. ನಾನು ಸೆಕೆಂಡ್ ಶಿಫ್ಟ್ ಮುಗಿಸಿ ಬಂದರೆ ಗೇಟಿನ ಆಚೆ ನಿಂತು ಹೆಸರು ಹೇಳಬೇಕಿತ್ತು. ದನಿ ಕೇಳಿದರೂ ಸಾಲದು, ಕೆಂಚ ಬಂದು ಮೂಸಿ ಒಪ್ಪಬೇಕು.

ಹೀಗೇಕೆ ಎಂದು ಒಮ್ಮೆ ಕೇಳಿದ್ದೆ. "ನಾನು ಯಾರ್ನೂ ನಂಬಲ್ಲ ಕಣಪ್ಪ ರಮೇಶ, ನನ್ನೂ ಸೇರಿಸ್ಕಂಡು," ಎಂದರು. "ಬೆಳಗ್ಗೆ ಕನ್ನಡಕ ಎಲ್ಲಿಕ್ಕಿದ್ದೆ ಅಂತ ಸಾಯಂಕಾಲ ಸುಳ್ಳು ಏಳ್ತೀನಿ ನಾನು. ಕೆಂಚ ಒಬ್ನೇ ನೋಡು, ಬೆಳಗ್ಗೆ ಏಳಿದ್ದು ಸಾಯಂಕಾಲಕ್ಕೂ ಅದೇ."

ನನ್ನನ್ನು ಕಂಡರೆ ಮಾತ್ರ ಅವರಿಗೆ ಸ್ವಲ್ಪ ಆದರ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಪಂಪಿನ ಬಿಡಿಭಾಗಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ಎಲ್ಲರೂ ಸರಿಯಿದೆ ಎಂದ ಮಾಲನ್ನು ಸರಿಯಿಲ್ಲ ಎಂದುಕೊಂಡೇ ಎತ್ತಿ ನೋಡಬೇಕು. ಇದನ್ನು ವಿವರಿಸಿದಾಗ ಅವರ ಮುಖ ಅರಳಿತು. ಅನುಮಾನ ಪಡುವುದಕ್ಕೂ ತಿಂಗಳಿಗೆ ಸಂಬಳ ಕೊಡುತ್ತಾರೆಂದು ತಿಳಿಯದೆ ಇಡೀ ಆಯುಸ್ಸು ಬಿಟ್ಟಿ ದುಡಿದೆನಲ್ಲ ಎಂದು ಪೇಚಾಡಿದರು. ಅಂದಿನಿಂದ ನಾವಿಬ್ಬರೂ ಒಂದೇ ಕಸುಬಿನವರು.

ಕೆಂಚ ಕೆಂಪು ಬಣ್ಣದ, ಒಣಕಲು ಹೊಟ್ಟೆಯ, ಉದ್ದ ಕಾಲಿನ ನಾಯಿ. ಬೀದಿಯವರ ಕಣ್ಣಿಗೆ ಅದು ಬೀದಿನಾಯಿಯೇ. ಗಂಗಣ್ಣನವರ ಪ್ರಕಾರ ಅದು ಅವರ ಅಪ್ಪ ಸಾಕಿದ ಬೇಟೆನಾಯಿಗಳ ಕೊನೆಯ ಕುಡಿ. ಆಗ ಇಲ್ಲೆಲ್ಲ ರಾಗಿ ಹೊಲ, ಕಡಲೆಕಾಯಿ ಹೊಲ. ಹೆಸರಘಟ್ಟದ ಕಡೆಯಿಂದ ಕಾಡುಹಂದಿಗಳು ಬಂದು ಒಂದೇ ರಾತ್ರಿಗೆ ಹೊಲ ಉತ್ತು ಹಾಕಿ ಹೋಗುತ್ತಿದ್ದವಂತೆ. ಊರಿನವರು ನಾಯಿ ಕಟ್ಟಿಕೊಂಡು ಬೇಟೆಗೆ ಹೊರಡುತ್ತಿದ್ದರು. ಹಂದಿಯ ಹತ್ತಿರ ಮೊದಲು ಹೋಗಿ ತಡೆದ ನಾಯಿಗೆ ಒಬ್ಬ ಆಳಿನಷ್ಟೇ ಪಾಲು, ಅದೂ ಮುತ್ತುಗದ ಎಲೆಯ ಮೇಲೆ, ಎಲ್ಲರಿಗಿಂತ ಮೊದಲು. ಆ ನಾಯಿಯ ಯಜಮಾನನಿಗೆ ಹಂದಿಯ ತಲೆ. ಈ ಪಾಲಿನ ಮಾತು ಬಂದಾಗ ಮಾತ್ರ ಗಂಗಣ್ಣನ ದನಿಯಲ್ಲಿ ಅನುಮಾನದ ಎಳೆಯೂ ಇರುತ್ತಿರಲಿಲ್ಲ. "ನಾಯಿಗೆ ಆಕ್ದೆ ಮನ್ಸ ತಿಂತಿರಲಿಲ್ಲ ಆವಾಗ," ಎನ್ನುತ್ತಿದ್ದರು.

ನಿಜ ಹೇಳಬೇಕೆಂದರೆ ಕೆಂಚನ ವಂಶದ ಬಗ್ಗೆ ನನಗೇ ಅನುಮಾನವಿತ್ತು. ಅದಕ್ಕೆ ಕಾರಣ ಯಲ್ಲಪ್ಪನ ಹಂದಿಗಳು. ಯಲ್ಲಪ್ಪ ನಮ್ಮ ರಸ್ತೆಯ ಕೊನೆಯಲ್ಲಿ, ರಾಜಕಾಲುವೆಯ ಪಕ್ಕ ಹಂದಿ ಸಾಕಿಕೊಂಡಿದ್ದವನು. ಖಾಲಿ ಸೈಟುಗಳಲ್ಲಿ ಮೇಯುವ ತನ್ನ ಹಂದಿಗಳು ಬೇರೆಯವರವುಗಳೊಡನೆ ಬೆರೆಯಬಾರದೆಂದು ಎಲ್ಲದರ ಎಡಗಿವಿಯ ತುದಿಯಲ್ಲಿ ಚಾಕುವಿನಿಂದ ಎರಡು ಕಚ್ಚು ಹಾಕಿದ್ದ. ಕೆಂಚ ಮರಿಯಾಗಿದ್ದಾಗ ಅವುಗಳ ಬೆನ್ನು ಹತ್ತಿ ಓಡಿಸಿ, ಒಂದನ್ನು ಕಚ್ಚಿಯೂ ಬಿಟ್ಟಿದ್ದನಂತೆ. ಯಲ್ಲಪ್ಪ ಬೀದಿಯಲ್ಲಿ ನಿಂತು ಗಂಗಣ್ಣನ ಮಾನ ಹರಾಜು ಹಾಕಿದ್ದ. ಅಂದಿನಿಂದ ಗಂಗಣ್ಣ ಕೈಯಲ್ಲಿ ಹುಣಸೆ ಬರಲು ಹಿಡಿದು ಮರಿಗೆ ಪಾಠ ಶುರುಮಾಡಿದರು. ಹಂದಿ ಕಂಡರೆ ಬರಲು ನೆಲಕ್ಕೆ ಬಡಿಯುವುದು, "ಕೂತ್ಕ" ಎನ್ನುವುದು. ಕೂತರೆ ರಾಗಿ ಮುದ್ದೆಯ ಒಂದು ತುಂಡು. ನಾವು ಬರುವ ಹೊತ್ತಿಗೆ ಪಾಠ ಪಕ್ಕಾ ಆಗಿತ್ತು. ಯಲ್ಲಪ್ಪನ ಹಂದಿಗಳು ಸಾಲಾಗಿ ರಸ್ತೆ ದಾಟಿದರೆ ಕೆಂಚ ಎದ್ದು ಬಂದು, ಅವುಗಳ ಮುಂದೆ ಕುಂಡೆ ಊರಿ ಕೂತು, ಗಂಗಣ್ಣನ ಕಡೆ ತಿರುಗಿ ನೋಡುತ್ತಿದ್ದ. ಎದುರು ಮನೆಯವರು ಇದನ್ನು ಮೊಬೈಲಿನಲ್ಲಿ ತೆಗೆದು ಊರಿಗೆಲ್ಲ ಕಳಿಸಿದ್ದರು. ಬೇಟೆನಾಯಿಯಂತೆ ಬೇಟೆನಾಯಿ, ಎಂದು ನಾವೂ ನಕ್ಕಿದ್ದೆವು.

ಆ ನಗು ಗಂಗಣ್ಣನಿಗೆ ಒಳಗೊಳಗೇ ಚುಚ್ಚುತ್ತಿತ್ತೆಂದು ಕಾಣುತ್ತದೆ. ಕೆಂಚನಿಗೂ ವಯಸ್ಸಾಗುತ್ತಿತ್ತು. ಅವನು ಏನೆಂಬುದನ್ನು ಒಂದು ಸಲವಾದರೂ ನಾಲ್ಕು ಜನರ ಮುಂದೆ ತೋರಿಸಬೇಕು ಎಂಬುದೊಂದೇ ಅವರಿಗೆ ಉಳಿದಿದ್ದ ಆಸೆ. ಹಾಗಿರುವಾಗ ಆ ಫಾರ್ಮಿನ ಸುದ್ದಿ ಬಂತು.

ನೆಲಮಂಗಲ ದಾಟಿದ ಮೇಲೆ ಒಳಗೆ, ನೀಲಗಿರಿ ತೋಪು, ಕುರುಚಲು ಎಲ್ಲ ಸೇರಿಸಿ ಎತ್ತರದ ತಂತಿ ಬೇಲಿ ಹಾಕಿದ ಖಾಸಗಿ ಜಾಗ. ಅದರ ಮಾಲೀಕನನ್ನು ಎಲ್ಲರೂ ಧಣಿ ಎನ್ನುತ್ತಿದ್ದರು. ವೈಟ್‌ಫೀಲ್ಡಿನಿಂದ, ಎಲೆಕ್ಟ್ರಾನಿಕ್ ಸಿಟಿಯಿಂದ ದೊಡ್ಡ ಕೆಲಸದ ಜನ ಭಾನುವಾರ ಅಲ್ಲಿಗೆ ಬಂದು, ಧಣಿಯ ಹೊರದೇಶದ ನಾಯಿಗಳ ಜೊತೆ ಕಾಡುಹಂದಿ ಬೇಟೆ ಆಡಿ ಹೋಗುತ್ತಿದ್ದರು. ದೂರದ ನೆಂಟರೊಬ್ಬರ ಮೂಲಕ ಗಂಗಣ್ಣನಿಗೂ ಕರೆ ಬಂತು. ಹಳೇ ಕಾಲದ ಬೇಟೆಗಾರರು ತಮ್ಮ ನಾಟಿ ನಾಯಿಯೊಂದಿಗೆ ಬಂದರೆ ಅತಿಥಿಗಳಿಗೆ ಚೆನ್ನಾಗಿರುತ್ತದೆ ಎಂದಿದ್ದರಂತೆ.

ಕಾಡುಹಂದಿಯನ್ನು ಹೊಡೆದರೆ ಜೈಲು ಎಂದು ನಾನು ಹೇಳಿದೆ. ಅದು ಅವರಿಗೂ ಗೊತ್ತಿತ್ತು. ಮತ್ತೆ ಆ ಧಣಿಗೆ ಹೆದರಿಕೆ ಯಾಕಿಲ್ಲ? ಬೇಲಿ ಯಾಕೆ ಅಷ್ಟು ಎತ್ತರ? ನಮ್ಮನ್ನೇ ಯಾಕೆ ಕರೆದ? ವಾರವಿಡೀ ಇದನ್ನೇ ಮೆಲುಕು ಹಾಕಿದರು. ಕೇಸು ಬಿದ್ದರೆ ಮುದುಕನ ತಲೆಗೆ ಕಟ್ಟಲು ಹೂಡಿದ ಆಟವಿರಬೇಕು ಎಂದೂ ಹೇಳಿದರು. ಆದರೂ ಶನಿವಾರ ಸಂಜೆ ಕೆಂಚನಿಗೆ ಸ್ನಾನ ಮಾಡಿಸುತ್ತಿದ್ದುದನ್ನು ಕಂಡೆ. ನನ್ನ ಹಳೆಯ ಓಮ್ನಿಯನ್ನು ಕೇಳಿದರು. ನಾನು ಆ ಮಾಂಸ ಮುಟ್ಟುವುದಿಲ್ಲ, ಗಾಡಿ ಓಡಿಸುತ್ತೇನೆ ಅಷ್ಟೇ ಎಂದು ಒಪ್ಪಿದೆ.

ಬೆಳಿಗ್ಗೆ ಹೋದೆವು. ತೆರೆದ ಜೀಪುಗಳಲ್ಲಿ ಅತಿಥಿಗಳು, ತಲೆಗೆ ಟೋಪಿ, ಕೈಯಲ್ಲಿ ಮೊಬೈಲು. ನಮ್ಮನ್ನು ಹಿಂದಿನ ಜೀಪಿಗೆ ಹತ್ತಿಸಿದರು. ಅಲ್ಲಿ ಕೊಟ್ಟ ಟೀಯನ್ನು ಗಂಗಣ್ಣ ಕೆಂಚನಿಗೆ ತೋರಿಸದೆ ಕುಡಿಯಲಿಲ್ಲ. ಸುತ್ತಲಿನವರನ್ನೆಲ್ಲ ಒಬ್ಬೊಬ್ಬರನ್ನಾಗಿ ದಿಟ್ಟಿಸಿ, ಯಾರು ಅರಣ್ಯ ಇಲಾಖೆಯವರಿರಬಹುದು ಎಂದು ನನ್ನ ಕಿವಿಯಲ್ಲಿ ಕೇಳುತ್ತಿದ್ದರು. ಅಷ್ಟರಲ್ಲಿ ದೂರದ ಪೊದೆಯಾಚೆ ಕೆಸರು ಮೆತ್ತಿದ ಕಪ್ಪು ಬೆನ್ನೊಂದು ಸರಿದುಹೋಯಿತು. ನಾಯಿಗಳನ್ನು ಬಿಟ್ಟರು.

ಕೆಂಚ ಓಡಿದ್ದನ್ನು ನಾನು ಮರೆಯಲಾರೆ. ಇಷ್ಟು ದಿನ ನಮ್ಮ ಮೆಟ್ಟಿಲ ಕೆಳಗೆ ಬಿದ್ದುಕೊಂಡಿರುತ್ತಿದ್ದ ನಾಯಿ ಇದೇನಾ ಎನಿಸಿತು. ಧಣಿಯ ದಪ್ಪ ನಾಯಿಗಳು ಗಾಳಿ ಮೂಸುತ್ತ ಗೊಂದಲದಲ್ಲಿ ನಿಂತಿದ್ದಾಗ ಇವನು ಸದ್ದಿಲ್ಲದೆ ಪೊದೆ ಬಳಸಿ ಹೋಗಿ, ಹಂದಿ ನುಗ್ಗುವ ದಾರಿಗೇ ಅಡ್ಡ ಬಂದ. ಗಂಗಣ್ಣ ಜೀಪಿನಲ್ಲಿ ಎದ್ದು ನಿಂತಿದ್ದರು. ನನ್ನ ಭುಜವನ್ನು ಬಿಗಿಯಾಗಿ ಹಿಡಿದಿದ್ದರು. ನನ್ನ ಅನುಮಾನವೆಲ್ಲ ಕರಗಿ, ನಾನೂ ಎದ್ದು ನಿಂತಿದ್ದೆ.

ಕೆಂಚ ಹಂದಿಯ ಎದುರಿಗೆ ಹೋದ. ಮೂಸಿದ. ಕೂತುಬಿಟ್ಟ. ಕೂತು, ತಿರುಗಿ ನಮ್ಮ ಜೀಪಿನ ಕಡೆ ನೋಡಿದ.

ಜೀಪುಗಳಲ್ಲಿ ನಗು ಎದ್ದಿತು. ಅಷ್ಟರಲ್ಲಿ ಉಳಿದ ನಾಯಿಗಳು ಬಂದು ಹಂದಿಯ ಮೇಲೆ ಬಿದ್ದವು. ಆಮೇಲಿನ ಆ ಕಿರುಚಾಟವನ್ನು ನಾನು ಬರೆಯುವುದಿಲ್ಲ. ರಜೆಯ ದಿನ ಮನುಷ್ಯರು ಇದನ್ನು ನೋಡಲು ಬರುತ್ತಾರಲ್ಲ ಎಂದು ಹೇಸಿಗೆಯಾಯಿತು. ಗಂಗಣ್ಣ ಅದ್ಯಾವುದನ್ನೂ ನೋಡುತ್ತಿರಲಿಲ್ಲ. ಕುಳಿತೇ ಇದ್ದ ನಾಯಿಯನ್ನು ನೋಡುತ್ತಿದ್ದರು.

ಹೊರಡುವಾಗ ಧಣಿ ಪ್ಲಾಸ್ಟಿಕ್ ಕವರೊಂದನ್ನು ತಂದು ಅವರ ಕೈಗಿತ್ತ. ಮೊದಲು ಮುಟ್ಟಿದ್ದು ನಿಮ್ಮ ನಾಯಿಯೇ ಅಲ್ಲವೇ, ಪದ್ಧತಿ ಪ್ರಕಾರ ತಲೆ ನಿಮ್ಮದು, ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಮತ್ತೆ ನಗು. ಗಂಗಣ್ಣ ಕವರು ತೆಗೆದುಕೊಂಡರು. ಕೆಂಚ ಬಾಲ ಅಲ್ಲಾಡಿಸುತ್ತ ಓಮ್ನಿ ಹತ್ತಲು ಬಂದಾಗ ಅವನ ಹಗ್ಗವನ್ನು ಹಿಡಿದು ಫಾರ್ಮಿನ ಕಾವಲುಗಾರನಿಗೆ ಕೊಟ್ಟರು. ಇಲ್ಲೇ ಇಟ್ಟುಕೊಳ್ಳಿ ಎಂದರು. ನಾನು ಬೇಡವೆಂದೆ, ಕೋಪದಲ್ಲಿ ಹೀಗೆ ಮಾಡಬೇಡಿ ಎಂದೆ. ಅವರು ಕಿಟಕಿಯ ಗಾಜು ಏರಿಸಿಕೊಂಡು ಕುಳಿತರು.

ದಾರಿಯಲ್ಲಿ ಟೋಲ್ ದಾಟಿದೆವು. ಆಮೇಲೆ ಅವರಿಂದ ಒಂದೊಂದೇ ಪ್ರಶ್ನೆ ಹೊರಬಂತು. ಬೆಳಿಗ್ಗೆ ಯಾರಾದರೂ ಅವನಿಗೆ ಏನಾದರೂ ತಿನ್ನಿಸಿದರೇ? ನಿನ್ನ ಹೆಂಡತಿ ದಿನಾ ಬಿಸ್ಕತ್ತು ಹಾಕುತ್ತಿದ್ದರಲ್ಲ, ಅದರಿಂದ ಮೂಗು ಕೆಟ್ಟಿತೇ? ಅವನ ತಾಯಿ ನಿಜವಾಗಿಯೂ ಅಪ್ಪನ ನಾಯಿಯ ಮರಿಯೇ, ಅಥವಾ ಆಗ ಮರಿ ತಂದುಕೊಟ್ಟವನು ಬೇರೆ ಯಾವುದನ್ನೋ ದಾಟಿಸಿದನೇ? ಅಪ್ಪನವರೆಗೂ ಹೋಯಿತು ಅನುಮಾನ. ಕೊನೆಗೆ ಹೇಳಿದರು: "ಅವ್ನ್ ಒಬ್ಬನ್ನ ನಂಬಿದ್ದೆ. ಅದೂ ಓಯ್ತು."

ಮನೆಗೆ ಬಂದಾಗ ಮಧ್ಯಾಹ್ನ ಇಳಿದಿತ್ತು. ತಿನ್ನುವ ಪದಾರ್ಥ ಮನೆಗೆ ಬಂದರೆ ಅದನ್ನು ಪರೀಕ್ಷಿಸುವವನು ಇರಲಿಲ್ಲ. ಗಂಗಣ್ಣ ತಾವೇ ಹಿತ್ತಲ ನಲ್ಲಿಯ ಕೆಳಗೆ ಕವರು ಬಿಚ್ಚಿ ಕೂತರು. ಸ್ವಲ್ಪ ಹೊತ್ತಿಗೆ ನನ್ನ ಹೆಸರು ಕೂಗಿದರು. ಆ ದನಿ ಕೇಳಿ ನಾನು ಚಪ್ಪಲಿ ಹಾಕದೆ ಇಳಿದು ಬಂದೆ.

ನೀರಿನಲ್ಲಿ ಕೆಸರು ತೊಳೆದುಹೋಗಿತ್ತು. ಬಲಗಿವಿಯನ್ನು ನಾಯಿಗಳು ಹರಿದಿದ್ದವು. ಎಡಗಿವಿ ಹಾಗೇ ಇತ್ತು. ಅದರ ತುದಿಯಲ್ಲಿ, ಎಂದೋ ಮಾಗಿದ, ಎರಡು ಕಚ್ಚು.

ಯಲ್ಲಪ್ಪನನ್ನು ಕರೆಸಿದೆವು. ಅವನು ಮುಚ್ಚಿಡಲಿಲ್ಲ. ಫಾರ್ಮಿನ ಟೆಂಪೋ ಆಗಾಗ ಬರುತ್ತದೆ, ಕೋರೆ ಬಂದ ಕರಿ ಗಂಡೇ ಬೇಕು ಎಂದು ಆರಿಸಿ ಒಯ್ಯುತ್ತಾರೆ, ಯಾಕೆಂದು ತಾನು ಕೇಳಿಲ್ಲ ಎಂದ. ಧಣಿಗೆ ಹೆದರಿಕೆ ಏಕಿಲ್ಲವೆಂಬುದು ಈಗ ತಿಳಿಯಿತು. ಇಲಾಖೆಯವರು ಬಂದರೆ ಅದು ಸಾಕಿದ ಹಂದಿ, ಅತಿಥಿಗಳು ಬಂದರೆ ಕಾಡುಹಂದಿ. ಹಾಲಿನವನನ್ನು, ನೆಂಟರನ್ನು, ನನ್ನ ಹೆಂಡತಿಯ ಬಿಸ್ಕತ್ತನ್ನು, ಸತ್ತ ಅಪ್ಪನನ್ನೂ ಅನುಮಾನಿಸಿದ ಗಂಗಣ್ಣ ಹಂದಿಯೊಂದನ್ನು ಮಾತ್ರ ಅನುಮಾನಿಸಿರಲಿಲ್ಲ.

ಅವರು ನಲ್ಲಿ ನಿಲ್ಲಿಸಲಿಲ್ಲ. ನೀರು ಹರಿಯುತ್ತಲೇ ಇತ್ತು. "ವಾಸ್ನೆ ಗೊತ್ತಾಗೈತೆ ಅವ್ನಿಗೆ," ಎಂದರು. "ನಮ್ ಬೀದಿ ಅಂದಿ ಅಂತ ಗೊತ್ತಾಗೈತೆ. ಕೂತ್ಕ ಅಂತ ನಾನೇ ಅಲ್ವಾ ಏಳ್ಕೊಟ್ಟಿದ್ದು. ಕೂತ್ಕಂಡು ನನ್ ಮಖ ನೋಡ್ದ ಕಣಪ್ಪ. ಮುದ್ದೆ ಕೊಡ್ತೀನಿ ಅಂತ ನೋಡ್ದ."

ಆಗಲೇ ಹೊರಟೆವು. ಫಾರ್ಮು ತಲುಪಿದಾಗ ಇನ್ನೂ ಬೆಳಕಿತ್ತು. ಕಾವಲುಗಾರ ಕಂಬಕ್ಕೆ ಕಟ್ಟಿದ್ದ ಹಗ್ಗವನ್ನು ತೋರಿಸಿದ. ಕೆಂಚ ಅದರ ತುದಿಯನ್ನು ಹಲ್ಲಿನಿಂದ ಕಡಿದು ತುಂಡು ಮಾಡಿದ್ದ. ನಿಮ್ಮ ಗಾಡಿ ಹೋದ ದಿಕ್ಕಿಗೇ ಹೋಯಿತು ಎಂದ. ನಡುವೆ ಇದ್ದದ್ದು ಹೆದ್ದಾರಿ, ನಿಲ್ಲದೆ ಓಡುವ ಲಾರಿಗಳು. ನಾವು ರಸ್ತೆಯ ಅಂಚಿನಲ್ಲಿ ನಿಧಾನ ಗಾಡಿ ಓಡಿಸುತ್ತ ಬಂದೆವು. ಗಂಗಣ್ಣ ಕಿಟಕಿಯಿಂದ ತಲೆ ಹೊರಹಾಕಿ ಕೂಗುತ್ತಲೇ ಇದ್ದರು. ಮುಂದಿನ ಭಾನುವಾರಗಳೆಲ್ಲ ಹೀಗೇ ಕಳೆದವು. ಪಂಕ್ಚರ್ ಅಂಗಡಿ, ಢಾಬಾ, ಲಾರಿ ನಿಲ್ಲುವ ಜಾಗ, ಎಲ್ಲ ಕಡೆ ಕೇಳಿದೆವು. ಕಂಡೆನೆಂದವರ ಮಾತನ್ನೆಲ್ಲ ಅವರು ನಂಬಿದರು. ಒಬ್ಬ ತುಮಕೂರು ಕಡೆ ಎಂದರೆ ಅಲ್ಲಿಗೆ, ಇನ್ನೊಬ್ಬ ಜಾಲಹಳ್ಳಿ ಎಂದರೆ ಅಲ್ಲಿಗೆ. ಅಷ್ಟು ಸುಲಭವಾಗಿ ನಂಬುವ ಗಂಗಣ್ಣನನ್ನು ನೋಡಲು ನನಗೆ ಸಂಕಟವಾಗುತ್ತಿತ್ತು. ಕೆಂಚ ಸಿಗಲಿಲ್ಲ.

ಗೇಟಿನ ಸರಪಳಿ, ಬೀಗಗಳೆಲ್ಲ ಎಲ್ಲಿ ಹೋದವೋ ತಿಳಿಯದು. ಹಗಲೂ ರಾತ್ರಿಯೂ ಗೇಟು ತೆರೆದೇ ಇರತೊಡಗಿತು. ಕಳ್ಳರ ಭಯವಿಲ್ಲವೇ ಎಂದು ಎದುರು ಮನೆಯವರು ಕೇಳಿದರೆ, ಬರಲಿ ಬಿಡಿ ಎನ್ನುತ್ತಿದ್ದರು.

ನನಗೆ ದೊಡ್ಡನೆಕ್ಕುಂದಿಯ ಕಡೆ ಬೇರೆ ಕೆಲಸ ಸಿಕ್ಕಿ ನಾವು ಮನೆ ಖಾಲಿ ಮಾಡಿದ ದಿನವೇ ಅವರನ್ನು ಕೊನೆಯ ಸಲ ನೋಡಿದ್ದು. ಹಿಂದಿನ ಬಾಡಿಗೆದಾರರು ಹೋಗುವಾಗ ಗೋಡೆಯ ಮೇಲೆಲ್ಲ ಕೈಯಾಡಿಸಿ ಮೊಳೆಯ ತೂತು ಹುಡುಕಿದ್ದರೆಂದು ಕೇಳಿದ್ದೆ. ನಮ್ಮ ಮನೆಯನ್ನು ನೋಡಲು ಅವರು ಮೆಟ್ಟಿಲೇ ಹತ್ತಲಿಲ್ಲ. ಬೀಗದ ಕೈ ಕೊಟ್ಟರೆ ಸುಮ್ಮನೆ ಜೇಬಿಗೆ ಹಾಕಿಕೊಂಡರು. ನನ್ನ ಹೆಂಡತಿ, ಒಲೆಯನ್ನು ಸಾಮಾನಿನ ಜೊತೆ ಕಟ್ಟುವ ಮೊದಲು ಮಾಡಿದ ಟೀಯನ್ನು ತಂದುಕೊಟ್ಟಳು. ರೂಢಿಯಂತೆ ನಾವಿಬ್ಬರೂ ಅವರ ಕೈಯನ್ನೇ ನೋಡಿದೆವು. ಅವರು ಲೋಟವನ್ನು ನೇರವಾಗಿ ಬಾಯಿಗಿಟ್ಟು ಕುಡಿದರು. ಅರ್ಧಕ್ಕೆ ನಿಲ್ಲಿಸಿದರು. ಮೊಣಕಾಲು ಹಿಡಿದು ಎದ್ದು, ಗೇಟಿನ ಬಳಿ ಹೋಗಿ, ಉಳಿದರ್ಧವನ್ನು ಅಲ್ಯೂಮಿನಿಯಂ ತಟ್ಟೆಗೆ ಸುರಿದರು. ತಟ್ಟೆಯನ್ನು ಆ ಬೆಳಿಗ್ಗೆಯೇ ತೊಳೆದಿಟ್ಟಂತಿತ್ತು.

ಸಾಮಾನು ಏರಿಸಿ ಮುಗಿದಾಗ ಟೆಂಪೋ ಡ್ರೈವರ್ ಕೊನೆಯವನಾಗಿ ಹೊರಬಂದು, ಒಳ್ಳೆಯ ಮನಸ್ಸಿನಿಂದಲೇ ಗೇಟನ್ನು ಎಳೆದು ಮುಚ್ಚಲು ಹೋದ.

"ಬಿಡಪ್ಪ," ಎಂದರು ಗಂಗಣ್ಣ. "ಅದು ಅಂಗೇ ಇರ್ಲಿ."